ಪರದೆಯ ಮೇಲೆ ಊರೆಲ್ಲ ಹಸಿರು

ನಮ್ಮೂರಿನಲ್ಲಿ ಬೀದಿಗಳು ರಾತ್ರಿ ಹೊತ್ತು ಜಾಗ ಬದಲಾಯಿಸುತ್ತವೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಮಗೆ ಅದು ಹಾಲಿನವನು ತಡಮಾಡಿದಷ್ಟೇ ದೊಡ್ಡ ಸುದ್ದಿ. ಮಲಗುವಾಗ ಎಡಗಡೆ ಗಾಣದ ಬೀದಿ ಇದ್ದರೆ ಏಳುವಾಗ ಅಲ್ಲಿ ಕಂಚುಗಾರರ ಬೀದಿ ಬಂದು ಕೂತಿರುತ್ತದೆ. ಗಾಣದ ಬೀದಿ ತನ್ನ ಮನೆ, ಮರ, ನಾಯಿಗಳ ಸಮೇತ ಕೆರೆಯಾಚೆಗೆ ಹೋಗಿರುತ್ತದೆ. ನಡುವಿನ ಚೌಕ ಮಾತ್ರ ಅಲ್ಲಾಡುವುದಿಲ್ಲ. ಪುರಸಭೆ, ಆಸ್ಪತ್ರೆ, ಕುದುರೆಗಳೇ ಇಲ್ಲದ ಒಂದು ಹಳೆಯ ಲಾಯ, ಇಷ್ಟು ಚೌಕದಲ್ಲಿವೆ. ಪಕ್ಕದ ಬೀದಿಯವರ ಜೊತೆ ಜಗಳವಾದರೆ ನಮ್ಮ ಜನ ರಾಜಿ ಮಾಡಿಕೊಳ್ಳುವುದಿಲ್ಲ, ಬೆಳಗಾಗಲಿ ಎಂದು ಕಾಯುತ್ತಾರೆ. ಇಡ್ಲಿ ತಟ್ಟೆಯನ್ನೋ ರುಬ್ಬುವ ಗುಂಡನ್ನೋ ಎರವಲು ಕೊಟ್ಟವರು ಮಾತ್ರ ಕತ್ತಲಾಗುವ ಮೊದಲೇ ಬಂದು ಇಸಿದುಕೊಂಡು ಹೋಗುತ್ತಾರೆ.

ನಾಳೆ ಯಾರ ಪಕ್ಕದಲ್ಲಿ ಕಣ್ಣು ಬಿಡುತ್ತೇವೋ ಗೊತ್ತಿಲ್ಲದ ಊರಿನಲ್ಲಿ ಅನುಮಾನವಿಲ್ಲದೆ ಬದುಕುವುದು ಹೇಗೆ? ನಾನಂತೂ ಬದುಕಿಲ್ಲ. ಹಾಲು ತೆಳ್ಳಗಿದ್ದರೆ ಹಾಲಿನವನ ಮೇಲೆ, ಗಟ್ಟಿಯಿದ್ದರೆ ಇನ್ನೂ ಹೆಚ್ಚು ಅವನ ಮೇಲೆ ನನಗೆ ಅನುಮಾನ. ನನ್ನ ಅಕ್ಕ ಅಂಬುಜಾಕ್ಷಿಯ ಪ್ರಕಾರ ಇದೊಂದು ರೋಗ. ಅವಳಿಗೆ ಉಬ್ಬಸ, ನನಗೆ ಅನುಮಾನ. ಒಂದೇ ಮನೆಯಲ್ಲಿ ಎರಡು ರೋಗ ಎಂದು ಬಂದವರೆದುರು ನಗುವುದು ಅವಳ ಚಾಳಿ. ಹಂಚಿನ ಬೀದಿಯ ಕೊನೆಯ ಮನೆ ನಮ್ಮದು. ಅಕ್ಕ ರವಿಕೆ ಹೊಲಿಯುತ್ತಾಳೆ, ನಾನು ಮುಂದಿನ ಕೋಣೆಯಲ್ಲಿ ಗುಂಡಿ, ದಾರ, ಲೇಸು ಇಟ್ಟುಕೊಂಡು ಅಂಗಡಿ ನಡೆಸುತ್ತೇನೆ. ಇಬ್ಬರಿಗೂ ಮದುವೆಯಾಗಲಿಲ್ಲ. ಅವಳಿಗೆ ಬಂದ ಗಂಡುಗಳನ್ನೆಲ್ಲ ನಾನೇ ಅನುಮಾನಿಸಿ ಓಡಿಸಿದೆ ಎಂಬ ಮಾತು ಬೀದಿಯಲ್ಲಿದೆ. ಒಬ್ಬನನ್ನು ಓಡಿಸಿದ್ದು ನಿಜ. ಅವನ ಚಪ್ಪಲಿ ಸರಿ ಇರಲಿಲ್ಲ.

ಮೊದಲು ನಮ್ಮಲ್ಲಿ ಪ್ರತಿಯೊಂದು ಬೀದಿಗೂ ಒಂದು ಎತ್ತರದ ಬಿದಿರ ಗಳ ಇತ್ತು. ಅದರ ತುದಿಗೆ ಆ ಬೀದಿಯ ಬಣ್ಣದ ಬಟ್ಟೆ. ಬೆಳಿಗ್ಗೆ ಎದ್ದು ಮಾಳಿಗೆ ಹತ್ತಿ ನೋಡಿದರೆ ಯಾರು ಎಲ್ಲಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆಸ್ಪತ್ರೆಯವರೂ ಹಾಗೇ ನೋಡಿ ಗಾಡಿ ಕಳಿಸುತ್ತಿದ್ದರು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರೂ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿರಲಿಲ್ಲ ಎನ್ನುವುದೇ ದೊಡ್ಡದು. ಏಕೆಂದರೆ ನಮ್ಮೂರಿನಲ್ಲಿ ತನ್ನ ಮನೆ ದೂರ ಇದೆ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸಾವಾದ ಬೀದಿ ಆ ರಾತ್ರಿ ಸರಿದು ಊರಂಚಿಗೆ, ಸುಡುಗಾಡಿನ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಬೆಳಿಗ್ಗೆ ಆ ಮನೆಯವರು ಬಾಗಿಲಿಗೆ ಬಂದು, "ನಮ್ಮನೆ ದೂರ ಇದೆ" ಅನ್ನುತ್ತಾರೆ. ಅಷ್ಟಂದರೆ ಸಾಕು, ಕೇಳಿದವರು ಸ್ನಾನ ಮಾಡಿಕೊಂಡು ಹೊರಡುತ್ತಾರೆ. ಹೆಣ ಇಲ್ಲದ ಮನೆಯವರು ಆ ಮಾತನ್ನು ಆಡಿದರೆ ಮನೆಯೊಳಗಿನ ಯಾರನ್ನೋ ಕೈಯಾರೆ ಚಟ್ಟಕ್ಕೆ ಏರಿಸಿದ ಹಾಗೆ. ಸಾವಿಲ್ಲದೆಯೂ ಬೀದಿ ಅಂಚಿಗೆ ಹೋಗುವುದುಂಟು, ಬೀದಿಗೆ ತಿರುಗಾಟ ಯಾರು ಬೇಡ ಅಂದವರು? ಆಗಲೂ ನಾವು ಹತ್ತಿರವೇ. ನೆಂಟರು ಬೆವರಿಳಿಸಿಕೊಂಡು ಬಂದು "ಎಷ್ಟು ನಡೆದೆವಪ್ಪಾ" ಅಂದರೆ, "ಎಲ್ಲಿ ನಡೆದ್ರಿ, ಇಲ್ಲೇ ಅಲ್ವಾ" ಎಂದು ನೀರು ಕೊಡುತ್ತೇವೆ.

ಇಂಥ ಊರಿಗೆ ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪ ಒಂದು ಸಾಫ್ಟ್‌ವೇರ್ ತಂದ. ಬೇರೆ ಯಾವುದೋ ಊರಿಗೆ ತರಬೇತಿಗೆ ಹೋದವನು ಅಲ್ಲಿ ಗೋಡೆಯಗಲದ ಪರದೆ ನೋಡಿ ಬಂದಿದ್ದ. ಅದರಲ್ಲಿ ಇಡೀ ಊರು ಕೆಂಪು ಹಸಿರು ಚುಕ್ಕೆಗಳಾಗಿ ಕಾಣುತ್ತಿತ್ತಂತೆ. ಕುರ್ಚಿಯಲ್ಲಿ ಕೂತೇ ಎಲ್ಲ ತಿಳಿದುಕೊಂಡು ತೀರ್ಮಾನ ಮಾಡಬಹುದಂತೆ. ಗುರುಶಾಂತಪ್ಪನಿಗೆ ಕುರ್ಚಿಯಿಂದ ಏಳುವುದೆಂದರೆ ಮೊದಲೇ ಆಗದು; ಹಾಗಾಗಿ ಈ ಯೋಜನೆ ಅವನಿಗೆ ಯಾಕೆ ಹಿಡಿಸಿತು ಎಂದು ನನಗೆ ಆಗಲೇ ಗೊತ್ತಾಯಿತು.

ಸಾಫ್ಟ್‌ವೇರ್ ಕಂಪನಿಯಿಂದ ಕೃತ್ತಿಕಾ ಎಂಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ದೊಡ್ಡ ಕನ್ನಡಕ, ಮಾತಿಗೆ ಮೊದಲು ಮುಗುಳುನಗೆ. ಎಲ್ಲ ಬೀದಿಗಳ ಮುಖಂಡರನ್ನೂ ಪುರಸಭೆಗೆ ಕರೆಸಿದರು. ನಮ್ಮ ಬೀದಿಗೆ ನಾನೇ ಮುಖಂಡೆ. ಯಾರಿಗೂ ಆ ಉಸಾಬರಿ ಬೇಡವಾಗಿತ್ತು, ಮತ್ತೆ ಬೇರೆಯವರು ಆದರೆ ಏನು ಮಾಡಿಯಾರೋ ಎಂದು ನನಗೆ ಅನುಮಾನವೂ ಇತ್ತು. ಕೃತ್ತಿಕಾ ಕೇಳಿದಳು, "ಈ ಪರದೆಯಿಂದ ನಿಮಗೆ ಮುಖ್ಯವಾಗಿ ಏನು ಗೊತ್ತಾಗಬೇಕು, ಹೇಳಿ. ಅದರ ಮೇಲೆ ನಾವು ಎಲ್ಲಾ ಕಟ್ತೀವಿ."

ಒಳ್ಳೆಯ ಪ್ರಶ್ನೆ. ಆದರೆ ಉತ್ತರ ಕೊಡಲು ಯಾರಿಗೂ ಪುರಸೊತ್ತು ಸಿಗಲಿಲ್ಲ. "ಎಲ್ಲಾ ಗೊತ್ತಾಗ್ಬೇಕು!" ಎಂದ ಗುರುಶಾಂತಪ್ಪ. "ಏನೂ ಬಿಡೋ ಹಾಗಿಲ್ಲ. ಎಲ್ಲಾ."

"ಎಲ್ಲಾ ಅಂದ್ರೆ, ಸರ್?"

"ಎಲ್ಲಾ ಅಂದ್ರೆ ಎಲ್ಲಾ ಕಣಮ್ಮ. ಟೀ ಬಂತು, ತಗೋ."

ಟೀ ಕುಡಿದು ಸಭೆ ಮುಗಿಯಿತು. ಅವಳು ಒಬ್ಬಳೇ ಕೂತು ಏನೋ ಲೆಕ್ಕ ಹಾಕಿ ತೀರ್ಮಾನಿಸಿದಳು: ಬೀದಿಗಳು ಓಡಾಡುವ ಊರಿನಲ್ಲಿ ಮೊದಲು ಬೇಕಾದದ್ದು ಯಾವ ಬೀದಿ ಚೌಕಕ್ಕೆ ಹತ್ತಿರ, ಯಾವುದು ದೂರ ಎಂಬ ಮಾಹಿತಿ. ಅದಕ್ಕಾಗಿ ದಿನಾ ಬೆಳಿಗ್ಗೆ ಪ್ರತಿ ಮುಖಂಡರಿಗೂ ಫೋನ್ ಬರುತ್ತದೆ. ಒಂದು ಯಂತ್ರದ ಹೆಣ್ಣುದನಿ, "ನಮಸ್ಕಾರ, ನಿಮ್ಮ ಬೀದಿ ಇಂದು ಹತ್ತಿರವೋ ದೂರವೋ?" ಎನ್ನುತ್ತದೆ. ನಾವು ಹೇಳಿದ ಉತ್ತರಕ್ಕೆ ತಕ್ಕಂತೆ ಪರದೆಯ ಮೇಲೆ ನಮ್ಮ ಬೀದಿ ಹಸಿರೋ ಕೆಂಪೋ ಆಗುತ್ತದೆ. ಪರದೆ ಬಂದ ಮೇಲೆ ಈ ಕೊಳಕು ಬಟ್ಟೆಗಳ ಗಳ ಯಾಕೆ ಎಂದು ಗುರುಶಾಂತಪ್ಪ ಎಲ್ಲವನ್ನೂ ಕೀಳಿಸಿ ಲಾಯಕ್ಕೆ ಹಾಕಿಸಿದ. ನಾನು ತಕರಾರು ತೆಗೆದೆ. "ವಿಶಾಲಾಕ್ಷಮ್ಮನೋರಿಗೆ ಯಾವ್ದು ತಾನೇ ಸರಿ ಹೋಗುತ್ತೆ?" ಎಂದು ಅವನು ನಕ್ಕ, ಉಳಿದವರೂ ನಕ್ಕರು. ಅನುಮಾನದವರ ಪಾಡು ಇಷ್ಟೇ. ನಿಜವಾದ ಅನುಮಾನ ಬಂದ ದಿನ ಯಾರೂ ಕಿವಿಗೊಡುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಆ ಫೋನ್ ಬಂದಾಗ ಊರಿಗೆ ಊರೇ ಬೆಚ್ಚಿಬಿದ್ದಿತು. ಬೆಳ್ಳಂಬೆಳಿಗ್ಗೆ ಮನೆಗೆ ಫೋನ್ ಮಾಡಿ, ನಿಮ್ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಕೇಳಿದ ಹಾಗಾಯಿತಲ್ಲ! ಗಾಣದ ಬೀದಿಯ ಮುಖಂಡ ಫೋನಿಗೆ ಉಗಿದನಂತೆ. ಈ ಹುಡುಗಿಗೂ ಸೌದೆ ಡಿಪೋದವನಿಗೂ ಏನೋ ಒಳಸಂಬಂಧ ಇದೆ, ಹೆಣ ಎಷ್ಟು ಬೀಳುತ್ತೆ ಅಂತ ಮೊದಲೇ ತಿಳಿದುಕೊಳ್ಳುತ್ತಾರೆ ಎಂದು ಕಂಚುಗಾರರ ಬೀದಿಯವರು ಗುಸುಗುಸು ಶುರುಮಾಡಿದರು. ಆ ಅನುಮಾನ ನನಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಎಲ್ಲಕ್ಕೂ ಒಗ್ಗಿಕೊಳ್ಳುವ ಹಾಗೆ ಇದಕ್ಕೂ ಜನ ಒಗ್ಗಿಕೊಂಡರು. ಫೋನ್ ಬಂದಾಗ "ಹತ್ತಿರ" ಎಂದು ಹೇಳಿ ಇಟ್ಟು ಕಾಫಿಗೆ ನೀರಿಡುವುದು ಅಭ್ಯಾಸವಾಯಿತು. ಚೌಕದ ಪಕ್ಕ ಇದ್ದರೂ ಹತ್ತಿರ, ಕೆರೆಯಾಚೆ ಇದ್ದರೂ ಹತ್ತಿರ. ಸಾವಾದ ಬೀದಿಯವರು ಮಾತ್ರ "ದೂರ" ಅನ್ನುತ್ತಿದ್ದರು. ಪುರಸಭೆಯ ಪರದೆಯ ಮೇಲೆ ಊರೆಲ್ಲ ಹಸಿರು, ಅಪರೂಪಕ್ಕೊಂದು ಕೆಂಪು. ಗುರುಶಾಂತಪ್ಪ ಬಂದ ಅತಿಥಿಗಳನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೊ ತೆಗೆಸಿಕೊಂಡ.

ಒಂದು ಸಂಜೆ ಕೃತ್ತಿಕಾ ನಮ್ಮ ಅಂಗಡಿಗೆ ಬಂದಳು. ಗುಂಡಿ ಬೇಕೆಂದಳು. ಅವಳು ತೊಟ್ಟ ಅಂಗಿಗೆ ಗುಂಡಿಯೇ ಇರಲಿಲ್ಲ, ಹಾಗಾಗಿ ಬೇರೆ ಏನಕ್ಕೋ ಬಂದಿದ್ದಾಳೆ ಎಂದು ನನ್ನ ಕಿವಿ ನೆಟ್ಟಗಾಯಿತು. ಅಕ್ಕ ಹೊಲಿಗೆ ಮಿಷನ್ ನಿಲ್ಲಿಸಿ ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು.

"ಅಮ್ಮಾ, ನಿಮಗೆ ಎಲ್ಲದರ ಮೇಲೂ ಅನುಮಾನ ಅಂತ ಅಧ್ಯಕ್ಷರು ಹೇಳಿದ್ರು," ಎಂದಳು ಕೃತ್ತಿಕಾ. "ಅದಕ್ಕೇ ನಿಮ್ಮ ಹತ್ರ ಬಂದೆ. ನನಗೂ ಈ ಪರದೆ ಮೇಲೆ ಅನುಮಾನ."

ಇದು ನನಗೆ ಹಿಡಿಸಿತು. ಮುಖದ ಮೇಲೆ ತೋರಿಸಿಕೊಳ್ಳಲಿಲ್ಲ.

"ಇಷ್ಟು ದೊಡ್ಡ ಊರು ಯಾವಾಗ್ಲೂ ಹಸಿರು ಇರೋದು ಹೇಗೆ? ಎಲ್ರೂ ಚೌಕದ ಪಕ್ಕದಲ್ಲೇ ಇರೋಕಾಗುತ್ತಾ? ಇನ್ನೊಂದು ವಿಷಯ. ಯಾವ ದಿನ ಯಾವ ಬೀದಿ ಕೆಂಪಾಗಿದೆಯೋ ಆ ದಿನ ಆ ಬೀದೀಲಿ ಒಂದು ಸಾವಾಗಿದೆ. ಒಂದೂ ತಪ್ಪಿಲ್ಲ. ದೂರ ಇರೋದ್ರಿಂದ ಚಿಕಿತ್ಸೆ ಸಿಗದೆ ಜನ ಸಾಯ್ತಿದ್ದಾರೆ ಅಂತ ನಾನು ವರದಿ ಬರೀಬೇಕಾಗುತ್ತೆ. ಆದರೆ ಮನಸ್ಸು ಒಪ್ತಿಲ್ಲ. ನೀವು ಹೇಳಿ, ನಿಮ್ಮನೆ ದೂರ ಅಂತ ನೀವು ಯಾವಾಗ ಹೇಳ್ತೀರಿ?"

ಅಕ್ಕನ ಕೈಯಿಂದ ಲೋಟ ಜಾರಿತು. "ಬಿಡ್ತು ಅನ್ನಮ್ಮ! ಬಿಡ್ತು ಅನ್ನು!" ಎಂದಳು. ಕೃತ್ತಿಕಾ ಏನು ತಪ್ಪಾಯಿತೆಂದು ತಿಳಿಯದೆ "ಬಿಡ್ತು" ಎಂದಳು.

ನನಗೆ ರೇಗಿತು. ಉಬ್ಬಸದ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಮಾತೇ ಇದು? ಅಕ್ಕನ ಎದೆ ಗೊರಗೊರ ಅನ್ನುವುದನ್ನು ಕೇಳಿಸಿಕೊಂಡು ಲೆಕ್ಕ ಬರೆದುಕೊಳ್ಳಲು ಬಂದಿದ್ದಾಳೆ ಎಂದೇ ನನಗೆ ಅನ್ನಿಸಿತು. ವಿಷಯ ಬಿಡಿಸಿ ಹೇಳೋಣವೆಂದರೆ, ಹೇಳುವುದಕ್ಕೂ ಅದೇ ಮಾತನ್ನು ಆಡಬೇಕು. ಅಕ್ಕನ ಎದುರಿಗೆ, ನಮ್ಮ ಮನೆಯೊಳಗೆ. ನಾನು ಎದ್ದು ನಿಂತು, "ನೋಡಮ್ಮ, ನಮ್ಮನೆ ಯಾವಾಗ್ಲೂ ಹತ್ತಿರ. ಗುಂಡಿ ಬೇಕಾದ್ರೆ ತಗೋ, ಬೇಡವಾದ್ರೆ ಹೊತ್ತಾಯ್ತು," ಎಂದೆ. ಅವಳು ಬೇಡದ ಗುಂಡಿಗಳನ್ನು ಕೊಂಡು ಹೋದಳು. ಹೋಗುವಾಗ ಮುಗುಳುನಗೆ ಇರಲಿಲ್ಲ.

ಅವಳ ವರದಿಯನ್ನು ಪುರಸಭೆಯಲ್ಲಿ ಓದಿದ ದಿನ ಎಲ್ಲ ಮುಖಂಡರೂ ಇದ್ದೆವು. ದೂರದ ಬೀದಿಗಳಲ್ಲೇ ಸಾವು, ಹತ್ತಿರದ ಬೀದಿಗಳಲ್ಲಿ ಒಂದೂ ಇಲ್ಲ ಎಂದು ಅವಳು ಪರದೆಯ ಮೇಲೆ ತೋರಿಸಿದಳು. ಇದಕ್ಕೆ ಬೇರೆ ಏನಾದರೂ ಕಾರಣ ಇದ್ದರೆ ದಯವಿಟ್ಟು ಯಾರಾದರೂ ಹೇಳಿ ಎಂದು ಎರಡು ಸಲ ಕೇಳಿದಳು. ಕಾರಣ ಆ ಕೋಣೆಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗುರುಶಾಂತಪ್ಪನಿಗೂ ಗೊತ್ತಿತ್ತು, ಅವನ ತಾಯಿ ತೀರಿಕೊಂಡ ದಿನ ಬಾಗಿಲಲ್ಲಿ ನಿಂತು ಅವನೂ ಅದೇ ಮಾತು ಹೇಳಿದವನೇ. ಆದರೆ ಅಷ್ಟು ಜನರ ಮುಂದೆ ಆ ಮಾತನ್ನು ಬಾಯಿಗೆ ತಂದುಕೊಳ್ಳುವವರು ಯಾರು? ನಮ್ಮ ನಮ್ಮ ಮನೆಯಲ್ಲಿ ನಮ್ಮ ನಮ್ಮ ಮುದುಕರಿದ್ದಾರೆ. ಅದೂ ಅಲ್ಲದೆ ಅಷ್ಟು ಖರ್ಚು ಮಾಡಿ ತಂದ ಪರದೆ ಹೆಣ ಎಣಿಸುವುದಕ್ಕೆ ಮಾತ್ರ ಬರುತ್ತದೆ ಎಂದು ಅಧ್ಯಕ್ಷನಾದವನು ಒಪ್ಪಿಕೊಂಡಾನೆಯೇ?

"ತೀರ್ಮಾನ ಸ್ಪಷ್ಟ," ಎಂದ ಅವನು. "ಹತ್ತಿರದೋರಿಗೆ ಆಂಬುಲೆನ್ಸ್ ಬೇಕಿಲ್ಲ. ನರ್ಸ್ ನಡ್ಕೊಂಡೇ ಹೋಗ್ಲಿ. ಗಾಡಿ ಇನ್ಮೇಲೆ ಕೆಂಪು ಬೀದಿಗೆ ಮಾತ್ರ."

ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೂರು ಗಾಡಿಗಳಲ್ಲಿ ಎರಡನ್ನು ಮಾರಿದರು. ಉಳಿದ ಒಂದು, ಪರದೆ ಕೆಂಪಾದಾಗ ಹೊರಟು ಸಾವಾದ ಮನೆಯ ಮುಂದೆ ಹೋಗಿ ನಿಲ್ಲುತ್ತಿತ್ತು. ಬಂದ ಗಾಡಿಯನ್ನು ಬರಿದೇ ಯಾಕೆ ಕಳಿಸುವುದೆಂದು ಮನೆಯವರು ಅದರಲ್ಲೇ ಹೆಣ ಸಾಗಿಸತೊಡಗಿದರು. ಹೇಗೂ ಹೋಗುತ್ತದಲ್ಲ ಎಂದು ಪುರಸಭೆಯವರು ಗಾಡಿಯೊಳಗೆ ಒಂದು ಗಂಧದ ಹಾರವನ್ನೂ ಇಟ್ಟರು. ಹೀಗೆ ನಮ್ಮೂರಿನ ಆಂಬುಲೆನ್ಸ್ ಸತ್ತವರಲ್ಲಿಗೆ ಮಾತ್ರ ಹೋಗುವ ಗಾಡಿಯಾಯಿತು. ಹಾಗಾಗಲಿ ಎಂದು ಯಾರೂ ಆಸೆಪಟ್ಟಿರಲಿಲ್ಲ. ಕೃತ್ತಿಕಾಳ ಕೆಲಸ ಮುಗಿಯಿತೆಂದು ಕಂಪನಿಯವರು ಅವಳನ್ನು ವಾಪಸ್ ಕರೆಸಿಕೊಂಡರು. ಬಸ್ ಹತ್ತುವಾಗಲೂ ಅವಳ ಹುಬ್ಬು ಗಂಟಿಕ್ಕಿಕೊಂಡೇ ಇತ್ತಂತೆ.

ಆಮೇಲೆ ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಎದುರಿಗೆ ಸುಡುಗಾಡಿನ ಗೋಡೆ. ಹಂಚಿನ ಬೀದಿ ರಾತ್ರಿ ಊರಂಚಿಗೆ ಬಂದು ನಿಂತಿತ್ತು. ನಮ್ಮದು ಕೊನೆಯ ಮನೆಯಾದ್ದರಿಂದ ಗೋಡೆಗೆ ಎಲ್ಲರಿಗಿಂತ ಹತ್ತಿರ ನಾವೇ. ಬೀದಿಯವರೆಲ್ಲ ಹೊರಗೆ ಬಂದರು. ಮೊದಲು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಮುದುಕರನ್ನು ಎಬ್ಬಿಸಿ ನೋಡಿದರು. ಎಲ್ಲರೂ ಎದ್ದರು, ಎಲ್ಲರೂ ಕಾಫಿ ಕೇಳಿದರು. ಸಾವಿಲ್ಲ ಎಂದು ಖಾತ್ರಿಯಾದ ಮೇಲೆ ಅವರ ಕಣ್ಣುಗಳು ಒಂದೊಂದಾಗಿ ನಮ್ಮ ಮನೆಯ ಕಡೆ ತಿರುಗಿದವು. ಒಳಗೆ ಅಕ್ಕ ಕೆಮ್ಮುತ್ತಿದ್ದಳು. ಪಕ್ಕದ ಮನೆಯ ಸಾವಂತ್ರಮ್ಮ ಸೆರಗು ಬಾಯಿಗಿಟ್ಟುಕೊಂಡು, "ಅಂಬುಜಕ್ಕ ಹೇಗಿದಾರೆ?" ಎಂದಳು. ಅವಳ ದನಿಯಲ್ಲಿದ್ದ ಕನಿಕರ ನನಗೆ ಸಹಿಸಲಾಗಲಿಲ್ಲ. "ಸತ್ತ ಮೇಲೆ ಬೀದಿ ಅಂಚಿಗೆ ಹೋಗುತ್ತೆ. ಅಂಚಿಗೆ ಬಂದ ಮೇಲೆ ಸಾಯ್ಲೇಬೇಕು ಅಂತ ಎಲ್ಲಿದೆ? ಹೋಗು, ನಿನ್ನ ಅತ್ತೇನ ನೋಡ್ಕೋ," ಎಂದು ಬಾಗಿಲು ಹಾಕಿದೆ. ಫೋನ್ ಬಂತು. "ಹತ್ತಿರ" ಎಂದು ಇಟ್ಟೆ.

ಮಧ್ಯಾಹ್ನದ ಊಟಕ್ಕೆ ಕರೆಯಲು ಹೋದಾಗ ಅಕ್ಕ ಹೊಲಿಗೆ ಮಿಷನ್ನಿನ ಮೇಲೆ ಎರಡೂ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಬಾಯಿಗೆ ಪಂಪು ಇಟ್ಟು ಒತ್ತಿದೆ, ಮತ್ತೆ ಒತ್ತಿದೆ, ಏನೂ ಆಗಲಿಲ್ಲ. ತುಟಿಯ ಬಣ್ಣ ಬದಲಾಗಿತ್ತು. ಅವಳಿಗೆ ಉಬ್ಬಸ ಬರುವುದು ಹೊಸದಲ್ಲ, ಆದರೆ ಇಂಥ ಬಣ್ಣವನ್ನು ನಾನು ಹಿಂದೆ ನೋಡಿರಲಿಲ್ಲ. ಆಟೋದವರಿಗೆ ಫೋನ್ ಮಾಡಿದೆ. ಅಂಚಿಗೆ ಹೋದ ಬೀದಿ ಎಂದು ತಿಳಿದ ಕೂಡಲೇ ಒಬ್ಬನಿಗೆ ಟೈರ್ ಪಂಕ್ಚರ್ ಆಯಿತು, ಇನ್ನೊಬ್ಬನಿಗೆ ಹೊಟ್ಟೆನೋವು ಬಂತು. ಸಾವಂತ್ರಮ್ಮನ ಗಂಡ ಸ್ಕೂಟರ್ ತಂದ, ಅಕ್ಕನಿಗೆ ಅದರ ಮೇಲೆ ಕೂರುವ ತ್ರಾಣವೇ ಇರಲಿಲ್ಲ. ಕೊನೆಗೆ ಪುರಸಭೆಗೆ ಫೋನ್ ಮಾಡಿದೆ. ಪರದೆ ನೋಡಿಕೊಳ್ಳುವ ಗುಮಾಸ್ತ ಚಂದ್ರಕಾಂತ ತೆಗೆದ. ನಮಗೆ ಅವನು ಚೆನ್ನಾಗಿ ಗೊತ್ತು, ಅವನ ಹೆಂಡತಿಯ ರವಿಕೆಗಳೆಲ್ಲ ಅಕ್ಕ ಹೊಲಿದದ್ದು.

"ಚಂದ್ರಕಾಂತ, ಗಾಡಿ ಕಳ್ಸು. ಅಕ್ಕಂಗೆ ಉಸಿರು ಸಿಕ್ತಿಲ್ಲ."

"ಗಾಬರಿ ಆಗ್ಬೇಡಿ ವಿಶಾಲಕ್ಕ. ನರ್ಸನ್ನ ಈಗ್ಲೇ ಹೊರಡಿಸ್ತೀನಿ. ಹತ್ತಿರಾನೇ ಇದೀರಲ್ಲ, ಹಸಿರು ತೋರಿಸ್ತಿದೆ."

"ಎಲ್ಲಿಯ ಹತ್ತಿರ ಮಾರಾಯ? ಎದುರಿಗೆ ಸುಡುಗಾಡಿನ ಗೋಡೆ ಇದೆ. ನರ್ಸ್ ನಡ್ಕೊಂಡು ಬರೋಷ್ಟ್ರಲ್ಲಿ ಸಂಜೆ ಆಗುತ್ತೆ."

"ಬೆಳಿಗ್ಗೆ ನೀವೇ ಹತ್ತಿರ ಅಂದ್ರಲ್ಲ?"

"ಇನ್ನೇನು ಅನ್ಲಿ? ನಿಮ್ಮ ಬೀದಿಯೋರು ಏನಂದ್ರು?"

ಅವನು ದನಿ ತಗ್ಗಿಸಿ, "ಪರದೆ ಕೆಂಪಾಗ್ದೆ ಗಾಡಿ ಬಿಡೋ ಹಾಗಿಲ್ಲ ಅಕ್ಕ. ಡ್ರೈವರ್‌ಗೆ ಕೀಲಿಕೈ ಕೊಡೋದೇ ಆಗ. ಆದೇಶ ಆಗಿದೆ," ಎಂದ.

"ಹಾಗಿದ್ರೆ ಬರ್ಕೋ. ನಮ್ಮನೆ ದೂ..."

"ಬಿಡ್ತು ಅನ್ನಿ!" ಎಂದು ಅವನು ಕಿರುಚಿದ. "ಅಂಬುಜಕ್ಕ ಇನ್ನೂ ಇರುವಾಗ್ಲೇ ಅದನ್ನ ಅಂತೀರಾ? ನಾನು ಕೇಳಿಸ್ಕೊಂಡೇ ಇಲ್ಲ. ಹತ್ತಿರ ಅಂತಾನೇ ಇರ್ಲಿ. ನನ್ನ ಕೈಯಲ್ಲಿ ಆ ಕೆಂಪು ಬಟನ್ ಒತ್ತೋಕಾಗಲ್ಲ ಅಕ್ಕ, ದಮ್ಮಯ್ಯ."

ಅವನ ಮೇಲೆ ನನಗೆ ಅನುಮಾನ ಬರಲಿಲ್ಲ. ಭಯವಾಗಿದ್ದೇ ಅದಕ್ಕೆ. ಅವನು ನಿಜವಾಗಿ ಅಕ್ಕನ ಮೇಲಿನ ಪ್ರೀತಿಗೇ ಹಾಗೆ ಮಾಡುತ್ತಿದ್ದ. ಊರಿನಲ್ಲಿ ಒಬ್ಬನಾದರೂ ಕಳ್ಳನಿದ್ದಿದ್ದರೆ ಹಿಡಿದು ಜಗ್ಗಬಹುದಿತ್ತು. ನಾನು ಹಟ ಹಿಡಿದು ಆ ಮಾತನ್ನು ಆಡಿಯೇಬಿಟ್ಟರೆ? ಪರದೆ ಕೆಂಪಾಗುತ್ತದೆ, ಗಾಡಿ ಹೊರಡುತ್ತದೆ, ಆದರೆ ಹೆಣಕ್ಕಾಗಿ ಹೊರಡುತ್ತದೆ. ದಾರಿಯಲ್ಲಿ ನಿಲ್ಲಿಸಿ ಹೂವು ತರುತ್ತಾರೆ, ಪುರೋಹಿತರನ್ನು ಹತ್ತಿಸಿಕೊಳ್ಳುತ್ತಾರೆ. ಹೆಣಕ್ಕೇನು ಅವಸರ? ಆ ಮಾತನ್ನು ಆಡದಿದ್ದರೆ ಗಾಡಿಯೇ ಇಲ್ಲ. ಫೋನ್ ಕಿವಿಗೆ ಹಿಡಿದುಕೊಂಡು ನಿಂತವಳಿಗೆ ಅಳು ಬಂತು. ಜೀವಮಾನವಿಡೀ ಎಲ್ಲರನ್ನೂ ಅನುಮಾನಿಸಿದೆ, ಇದೊಂದು ಬರುತ್ತದೆ ಎಂದು ಅನುಮಾನವೇ ಬರಲಿಲ್ಲವಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಅಕ್ಕ ಮಿಷನ್ನಿನ ಮೇಲಿಂದ ಒಂದು ಕೈ ಎತ್ತಿ ನನ್ನ ಕಡೆ ಚಾಚಿದಳು. ನೀರು ಕೇಳುತ್ತಿದ್ದಾಳೆ ಅಂದುಕೊಂಡೆ. ಅವಳು ತಲೆಯಲ್ಲಾಡಿಸಿದಳು. ಫೋನ್ ಬೇಕಾಗಿತ್ತು.

"ಬೇಡ ಅಕ್ಕ," ಎಂದೆ.

ಅವಳು ಕಣ್ಣಲ್ಲೇ ಗದರಿದಳು, ಚಿಕ್ಕಂದಿನಲ್ಲಿ ಗದರುತ್ತಿದ್ದ ಹಾಗೇ. ನಾನು ಫೋನ್ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ಬಹಳ ಹೊತ್ತು ಉಸಿರನ್ನು ಕೂಡಿಸಿಕೊಂಡಳು. ಕಿಟಕಿಯ ಆಚೆ ಬೀದಿಯವರೆಲ್ಲ ನಿಂತಿದ್ದರು.

"ಚಂದ್ರಕಾಂತಾ," ಎಂದಳು. ಮಾತಿಗೊಂದು ಉಸಿರು ಬೇಕಾಗಿತ್ತು. "ನಾನು... ಅಂಬುಜಾಕ್ಷಿ. ನಮ್ಮನೆ... ದೂರ... ಇದೆ."

ಹೊರಗೆ ಆ ಮಾತು ಕೇಳಿಸಿದ ಕೂಡಲೇ ಸಾವಂತ್ರಮ್ಮ ಹೋ ಎಂದು ಅಳುವುದಕ್ಕೆ ಶುರುಮಾಡಿದಳು, ಅವಳ ಹಿಂದೆ ನಾಲ್ಕು ಮನೆಯವರು.

"ನಾನೇ ಹೇಳ್ತಿದೀನಿ," ಎಂದಳು ಅಕ್ಕ. "ಸತ್ತೋರು... ಹೇಳ್ತಾರೇನೋ? ಒತ್ತು."

ಚಂದ್ರಕಾಂತ ಅಳುತ್ತಿರುವುದು ಕೇಳಿಸಿತು. ಆಮೇಲೆ ಅವನು "ದಸ್ತಗೀರಣ್ಣಾ, ಕೀಲಿಕೈ! ಜೀವ ಇದೆ, ಜೀವ ಇದೆ, ಓಡು!" ಎಂದು ಕೂಗುತ್ತಾ ಹೋದ. ಫೋನ್ ಇಡುವುದನ್ನೂ ಮರೆತಿದ್ದ.

ಗಾಡಿ ಬರುವಷ್ಟು ಹೊತ್ತು ಅಕ್ಕನನ್ನು ಎದೆಗೊರಗಿಸಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಅವಳ ಒಂದೊಂದು ಉಸಿರಿಗೂ ನನ್ನ ಉಸಿರು ನಿಲ್ಲುತ್ತಿತ್ತು. ಬೀದಿಯವರು ಸ್ವಲ್ಪ ದೂರದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅಳಬ್ಯಾಡ್ರೇ ಎಂದು ಅಕ್ಕ ಕೈಸನ್ನೆ ಮಾಡಿದ ಮೇಲೆ ಅವರಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಸೈರನ್ನನ್ನು ನಾವು ಕೇಳಿ ಎಷ್ಟೋ ತಿಂಗಳಾಗಿತ್ತು. ಡ್ರೈವರ್ ದಸ್ತಗೀರ್ ಗಾಡಿ ನಿಲ್ಲಿಸಿ ಕೆಳಗೆ ಹಾರಿದ. ಇಷ್ಟು ದಿನದ ಅಭ್ಯಾಸಕ್ಕೆ ಅವನ ಕೈಯಲ್ಲಿ ಗಂಧದ ಹಾರ ಬಂದಿತ್ತು. ಕಣ್ಣು ಬಿಟ್ಟುಕೊಂಡು ಕೂತಿದ್ದ ಅಕ್ಕನನ್ನು ನೋಡಿ ಅದನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಅಡಗಿಸಿಕೊಂಡ. ಅಕ್ಕನ ಮುಖದಲ್ಲಿ ನಗು ಬಂದ ಹಾಗಾಯಿತು, ಬರಲು ಉಸಿರು ಸಾಲಲಿಲ್ಲ.

ಅವಳನ್ನು ಮಲಗಿಸಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ, ಸಾವಂತ್ರಮ್ಮನನ್ನು ಪಕ್ಕದಲ್ಲಿ ಕೂರಿಸಿ, ನಾನು ಮುಂದೆ ದಸ್ತಗೀರನ ಪಕ್ಕ ಕೂತೆ. ಗಾಡಿ ಸುಡುಗಾಡಿನ ಕಡೆ ತಿರುಗುತ್ತದೋ ಊರ ಕಡೆ ತಿರುಗುತ್ತದೋ ನೋಡಬೇಕಿತ್ತು. ಅಷ್ಟು ದಿನ ಒಂದೇ ಕಡೆ ತಿರುಗಿ ರೂಢಿಯಾದ ಕೈ ಅದು, ನಂಬುವುದು ಹೇಗೆ? ಅವನು ಊರ ಕಡೆಗೇ ತಿರುಗಿಸಿದ. ಆದರೂ ಅವನ ಕೈಯ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಗಾಣದ ಬೀದಿ ಹೋಯಿತು, ಅಗಸರ ಬೀದಿ ಹೋಯಿತು. ಹೆಸರೇ ಗೊತ್ತಿಲ್ಲದ ಬೀದಿಗಳು ಬಂದವು. ಪರದೆಯ ಮೇಲೆ ಇವೆಲ್ಲ ಚೌಕದ ಪಕ್ಕದಲ್ಲಿದ್ದವು. ದಸ್ತಗೀರ್ ರಸ್ತೆಯ ಗುಂಡಿಗಳನ್ನು ನೋಡಿಕೊಂಡು ನಿಧಾನಕ್ಕೆ ಓಡಿಸುತ್ತಿದ್ದ, ಹೆಣ ಕುಲುಕಬಾರದೆಂದು ಕಲಿತ ನಿಧಾನ. ಹಿಂದಿನಿಂದ ಅಕ್ಕನ ಎದೆಯ ಶಿಳ್ಳೆ ಒಮ್ಮೆ ಕೇಳಿಸಿದರೆ ಒಮ್ಮೆ ಕೇಳಿಸುತ್ತಿರಲಿಲ್ಲ.

"ಆಸ್ಪತ್ರೆ ಇನ್ನೂ ಎಷ್ಟಿದೆ ದಸ್ತಗೀರ್?"

"ಇಲ್ಲೇ ಚಿಕ್ಕಮ್ಮ. ಹತ್ತಿರಾನೇ."

"ನನ್ನ ಮುಖ ನೋಡಿ ಹೇಳು."

ಅವನು ನೋಡಲಿಲ್ಲ. ರಸ್ತೆಯ ಮೇಲೇ ಕಣ್ಣಿಟ್ಟು ಗೇರ್ ಬದಲಿಸಿದ.

"ದೂರ ಇದೆ ಚಿಕ್ಕಮ್ಮ," ಎಂದ. "ತುಂಬಾ ದೂರ ಇದೆ."

ಹಿಂದಿನಿಂದ, ಮಾಸ್ಕಿನ ಒಳಗಿಂದ, ಅಕ್ಕನ ದನಿ ಬಂತು.

"ಹಾಗಿದ್ರೆ... ಬೇಗ ಓಡ್ಸಪ್ಪ."